ಒಬ್ಬ ಸೂಚಕ, ಹತ್ತು ಸೂಚಕರು

ಲೋಕಸಭೆಗೆ ನಿಲ್ಲುವವರ ನಾಮಪತ್ರದಲ್ಲಿ ಸೂಚಕರ ಸಹಿಗೆಂದು ಒಂದು ಜಾಗವಿರುತ್ತದೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಕ್ಷೇತ್ರದ ಒಬ್ಬ ಮತದಾರನ ಸಹಿ ಸಾಕು, ಪಕ್ಷೇತರನಿಗೆ ಹತ್ತು ಮಂದಿಯದು ಬೇಕು. ಠೇವಣಿಯಲ್ಲಿ ಮಾತ್ರ ಇಂಥ ಭೇದವಿಲ್ಲ, ಇಬ್ಬರೂ 25 ಸಾವಿರ ರೂಪಾಯಿ ಕಟ್ಟಬೇಕು. 2024ರಲ್ಲಿ ದಾವಣಗೆರೆಯಲ್ಲಿ ಹತ್ತು ಸಹಿ ಹಾಕಿಸಿಕೊಂಡು ಬಂದವರಲ್ಲಿ ಜಿ.ಬಿ. ವಿನಯ್ ಕುಮಾರ್ ಒಬ್ಬರು. ಊರು ಪಕ್ಕದ ಕಕ್ಕರಗೊಳ್ಳ. ಬೆಂಗಳೂರಿನಲ್ಲಿ ಇನ್‌ಸೈಟ್ಸ್ ಐಎಎಸ್ ತರಬೇತಿ ಸಂಸ್ಥೆ ಕಟ್ಟಿ ಹೆಸರಾದವರು. ಅವರು ಬಯಸಿದ್ದು ಕಾಂಗ್ರೆಸ್ ಟಿಕೆಟ್. ಅದಕ್ಕಾಗಿ ಹಳ್ಳಿಹಳ್ಳಿ ಪಾದಯಾತ್ರೆಯನ್ನೂ ಮಾಡಿದ್ದರು. ಟಿಕೆಟ್ ಹೋದದ್ದು ಶಾಮನೂರು ಮನೆಗೆ.

ಈ ಊರಿನಲ್ಲಿ ಅದೇನೂ ಅಚ್ಚರಿಯಲ್ಲ. 1996ರಿಂದ 2024ರವರೆಗಿನ ಎಂಟು ಲೋಕಸಭಾ ಚುನಾವಣೆಗಳಲ್ಲಿ ದಾವಣಗೆರೆಯಿಂದ ಗೆದ್ದವರೆಲ್ಲ ಎರಡೇ ಮನೆಯವರು. ಮೊದಲು ಹಿರಿಯರ ಸರದಿ: 1998ರಲ್ಲಿ ಕಾಂಗ್ರೆಸ್ಸಿನ ಶಾಮನೂರು ಶಿವಶಂಕರಪ್ಪ ಗೆದ್ದರೆ, ಮರುವರ್ಷವೇ ಬಿಜೆಪಿಯ ಜಿ. ಮಲ್ಲಿಕಾರ್ಜುನಪ್ಪ ಸೀಟು ವಾಪಸ್ ಪಡೆದರು. ಆಮೇಲೆ ಮಕ್ಕಳು. ಮಲ್ಲಿಕಾರ್ಜುನಪ್ಪನವರ ಮಗ ಜಿ.ಎಂ. ಸಿದ್ದೇಶ್ವರ ಮತ್ತು ಶಿವಶಂಕರಪ್ಪನವರ ಮಗ ಎಸ್.ಎಸ್. ಮಲ್ಲಿಕಾರ್ಜುನ್ 2004, 2009, 2014ರಲ್ಲಿ ಮೂರು ಸಲ ಎದುರಾದರು. ಮೂರರಲ್ಲೂ ಗೆದ್ದದ್ದು ಸಿದ್ದೇಶ್ವರ, ಅದರಲ್ಲಿ ಒಮ್ಮೆ ಬರೀ 2,024 ಮತಗಳಿಂದ. 2024ಕ್ಕೆ ಸೊಸೆಯಂದಿರ ಪಾಳಿ ಬಂತು. ಬಿಜೆಪಿಯಿಂದ ಗಾಯತ್ರಿ ಸಿದ್ದೇಶ್ವರ, ಕಾಂಗ್ರೆಸ್ಸಿನಿಂದ ಡಾ. ಪ್ರಭಾ ಮಲ್ಲಿಕಾರ್ಜುನ್.

ಬಿಜೆಪಿಯೊಳಗೂ ಗೊಣಗಾಟ ಕಡಿಮೆ ಇರಲಿಲ್ಲ. ಸಿದ್ದೇಶ್ವರ ಕುಟುಂಬಕ್ಕೇ ಮತ್ತೆ ಟಿಕೆಟ್ ಯಾಕೆ ಎಂದು ಎಸ್.ಎ. ರವೀಂದ್ರನಾಥ್, ಎಂ.ಪಿ. ರೇಣುಕಾಚಾರ್ಯ ಮೊದಲಾದವರು ತಿರುಗಿಬಿದ್ದರು, ಅಭ್ಯರ್ಥಿಯನ್ನು ಬದಲಿಸಿ ಎಂದು ಪಟ್ಟು ಹಿಡಿದರು. ಕೊನೆಗೆ ಯಡಿಯೂರಪ್ಪನವರೇ ಬಂದು ಸಮಾಧಾನ ಮಾಡಬೇಕಾಯಿತು. ಅಭ್ಯರ್ಥಿ ಯಾರಾಗಬೇಕೆಂಬ ಅಸಲಿ ಜಗಳ ನಡೆದದ್ದು ಮುಖಂಡರ ಮನೆಯ ಹಜಾರದಲ್ಲಿ. ಬೂತಿನಲ್ಲಿ ಬಾವುಟ ಕಟ್ಟುವ ಕಾರ್ಯಕರ್ತನಿಗೆ ಆ ಹಜಾರದಲ್ಲಿ ಕುರ್ಚಿಯಿಲ್ಲ.

ಅಮೆರಿಕದಲ್ಲಿ ಈ ಜಗಳಕ್ಕೇ ಒಂದು ಚುನಾವಣೆಯಿದೆ. ಅದರ ಹೆಸರು ಪ್ರೈಮರಿ. ಪಕ್ಷದ ಅಭ್ಯರ್ಥಿ ಯಾರೆಂಬುದನ್ನು ಮತದಾರರೇ ಮತ ಹಾಕಿ ಆರಿಸುತ್ತಾರೆ. ನ್ಯೂಯಾರ್ಕ್‌ನಂಥ ಕಡೆ ಆ ಪಕ್ಷದವರೆಂದು ಹೆಸರು ನೋಂದಾಯಿಸಿದವರಿಗಷ್ಟೇ ಮತ. 2018ರ ಜೂನ್ 26ರಂದು ಅಲ್ಲಿ 28 ವರ್ಷದ ಅಲೆಕ್ಸಾಂಡ್ರಿಯಾ ಒಕಾಸಿಯೊ ಕಾರ್ಟೆಜ್, ಅದಕ್ಕೆ ಸ್ವಲ್ಪ ಮುಂಚೆ ಬಾರ್‌ನಲ್ಲಿ ಕೆಲಸ ಮಾಡುತ್ತಿದ್ದಾಕೆ, 1999ರಿಂದ ಸಂಸತ್ತಿನಲ್ಲಿದ್ದ ಜೋ ಕ್ರೌಲಿಯನ್ನು ಅವರದೇ ಪಕ್ಷದೊಳಗೆ ಸೋಲಿಸಿದರು. ಕ್ರೌಲಿಗೆ 14 ವರ್ಷಗಳಿಂದ ಪಕ್ಷದೊಳಗೆ ಎದುರಾಳಿಯೇ ಇರಲಿಲ್ಲ. ಈ ಗಾಳಿ ನಮ್ಮ ಕಡೆಯವರನ್ನೂ ಬಿಟ್ಟಿಲ್ಲ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಮಿಶಿಗನ್ನಿನ ಸಂಸದ. 2025ರಲ್ಲಿ ಅವರ ವಿರುದ್ಧವೂ ಪಕ್ಷದೊಳಗಿನ ಪ್ರಗತಿಪರರ ಗುಂಪು ತನ್ನ ಅಭ್ಯರ್ಥಿಯನ್ನು ಘೋಷಿಸಿತು.

ನಮ್ಮಲ್ಲಿ ಪ್ರೈಮರಿಯ ಜಾಗದಲ್ಲಿರುವುದು ಬಿ ಫಾರಂ. ಪಕ್ಷದ ಪರವಾಗಿ ಯಾರು ಸಹಿ ಹಾಕಬಹುದೆಂದು ಎ ಫಾರಂ ಹೇಳಿದರೆ, ಅಭ್ಯರ್ಥಿ ಯಾರೆಂದು ಹೇಳುವುದು ಬಿ ಫಾರಂ. ನಾಮಪತ್ರದ ಕೊನೆಯ ದಿನ ಮಧ್ಯಾಹ್ನ ಮೂರರೊಳಗೆ ಅದು ಚುನಾವಣಾಧಿಕಾರಿಯ ಮೇಜಿನ ಮೇಲಿರಬೇಕು. ಸಹಿ ಶಾಯಿಯದೇ ಆಗಿರಬೇಕು, ರಬ್ಬರ್ ಸ್ಟ್ಯಾಂಪ್ ನಡೆಯುವುದಿಲ್ಲ. ‘ಬಿ ಫಾರಂ ಸಿಕ್ತೇನ್ರಿ?’ ಎಂಬ ಒಂದು ಪ್ರಶ್ನೆಯಲ್ಲೇ ಊರಿನ ಅರ್ಧ ರಾಜಕೀಯ ಮುಗಿದುಹೋಗುತ್ತದೆ.

ಕರ್ನಾಟಕದಲ್ಲೂ ಒಮ್ಮೆ ಪ್ರೈಮರಿ ನಡೆದಿತ್ತು ಎಂಬುದು ಅನೇಕರಿಗೆ ಮರೆತಿರಬಹುದು. ರಾಹುಲ್ ಗಾಂಧಿಯವರ ಪ್ರಯೋಗವಾಗಿ 2014ರಲ್ಲಿ ಕಾಂಗ್ರೆಸ್ ದೇಶದ ಕೆಲವೇ ಕ್ಷೇತ್ರಗಳಲ್ಲಿ ಆಂತರಿಕ ಮತದಾನ ಮಾಡಿಸಿತು. ಅದರಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡವೂ ಇದ್ದವು. ಮಂಗಳೂರಿನಲ್ಲಿ ಹಳೆಯ ಹುಲಿ ಜನಾರ್ದನ ಪೂಜಾರಿಗೆ ಎದುರಾಗಿ ನಿಂತ ಕಿರಿಯ ಯಾರೆಂದರೆ, ಆಗ ಕೇಂದ್ರ ಮಂತ್ರಿಯಾಗಿದ್ದ ವೀರಪ್ಪ ಮೊಯ್ಲಿಯವರ ಮಗ ಹರ್ಷ ಮೊಯ್ಲಿ! ಪೂಜಾರಿಯೇ ಗೆದ್ದರು. ಬೆಂಗಳೂರಿನಲ್ಲಿ ಸಿ. ನಾರಾಯಣಸ್ವಾಮಿ ಗೆದ್ದರು. ಮುಂದೆ ನಿಜವಾದ ಚುನಾವಣೆಯಲ್ಲಿ ಇಬ್ಬರೂ ಬಿಜೆಪಿಗೆ ಸೋತರು. ಅಲ್ಲಿ ಮತ ಹಾಕಿದ್ದು ಪಕ್ಷದ ಪದಾಧಿಕಾರಿಗಳು, ಪ್ರತಿನಿಧಿಗಳೇ ಹೊರತು ಪಕ್ಷಕ್ಕೆ ಓಟು ಕೊಡುತ್ತ ಬಂದ ಬೀಡಿ ಕಟ್ಟುವವರಾಗಲಿ ಮೀನು ಮಾರುವವರಾಗಲಿ ಅಲ್ಲ. ಹಜಾರ ಸ್ವಲ್ಪ ದೊಡ್ಡದಾಯಿತು, ಅಷ್ಟೆ.

ಹಾಗಂತ ಕೆಳಗಿನಿಂದ ನಾಯಕ ಎದ್ದು ಬರುವುದು ದಾವಣಗೆರೆಗೆ ಗೊತ್ತಿಲ್ಲದ್ದಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಕಾಲದಲ್ಲಿ ಈ ಊರು 1978, 1983, 1985ರಲ್ಲಿ ಸತತ ಮೂರು ಸಲ ಆರಿಸಿದ್ದು ಸಿಪಿಐನ ಪಂಪಾಪತಿಯವರನ್ನು. ಹತ್ತಿ ಗಿರಣಿಯ ಕಾರ್ಮಿಕರ ಸಂಘಟನೆಯಿಂದ ಬಂದ ಕಾಮ್ರೇಡ್, ಗುರುತು ತೆನೆ ಕುಡುಗೋಲು. ಇಂದಿರಾ ಅಲೆಯನ್ನೂ ಜನತಾ ಅಲೆಯನ್ನೂ ದಾಟಿ ಮೂರು ಗೆಲುವು ದಕ್ಕಿದ್ದು ದಿಲ್ಲಿಯ ಕೃಪೆಯಿಂದಲ್ಲ. ಬೋನಸ್ಸಿಗೆ, ಪಾಳಿಗೆ, ಅಮಾನತ್ತಿಗೆ ಯಾರು ಮಾಲೀಕರೆದುರು ನಿಲ್ಲುತ್ತಾರೆಂದು ಕಾರ್ಮಿಕರು ದಿನಾ ನೋಡುತ್ತಿದ್ದರು. ಒಂದು ಲೆಕ್ಕದಲ್ಲಿ ಗಿರಣಿಯ ಗೇಟೇ ಈ ಊರಿನ ಪ್ರೈಮರಿ. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಆ ಗೇಟೂ ಮುಚ್ಚಿತು. 1994ರಲ್ಲಿ ಊರು ಆರಿಸಿದ್ದು ಉದ್ಯಮಿ ಶಾಮನೂರು ಶಿವಶಂಕರಪ್ಪನವರನ್ನು. ದಾವಣಗೆರೆ ಎರಡು ಕ್ಷೇತ್ರವಾದ ಮೇಲೆ 2008ರಿಂದ ನಾಲ್ಕು ಸಲ ದಕ್ಷಿಣದಲ್ಲಿ ಅವರೇ ಗೆದ್ದರು. 2025ರ ಡಿಸೆಂಬರ್‌ನಲ್ಲಿ 94ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ ಶಾಸಕರಾಗಿಯೇ ಇದ್ದರು. ಅಶೋಕ ರಸ್ತೆಯಲ್ಲಿ ಪಂಪಾಪತಿ ಭವನ ಇನ್ನೂ ಇದೆ.

ತುಂಗಭದ್ರೆಯ ದಡದ ಹರಿಹರದ್ದು ಬೇರೆಯೇ ಜಾಯಮಾನ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ಆದರೆ ಆ ಊರು ಹಾಲಿ ಶಾಸಕರನ್ನು ಉಳಿಸಿಕೊಳ್ಳುವುದೇ ಇಲ್ಲ. 2008ರಲ್ಲಿ ಬಿಜೆಪಿಯ ಬಿ.ಪಿ. ಹರೀಶ್, 2013ರಲ್ಲಿ ಜೆಡಿಎಸ್‌ನ ಎಚ್.ಎಸ್. ಶಿವಶಂಕರ್, 2018ರಲ್ಲಿ ಕಾಂಗ್ರೆಸ್ಸಿನ ಎಸ್. ರಾಮಪ್ಪ. 2023ರಲ್ಲಿ ಹಾಲಿ ಶಾಸಕ ರಾಮಪ್ಪನವರನ್ನು ಕಾಂಗ್ರೆಸ್ ಕೈಬಿಟ್ಟು ನಂದಿಗಾವಿ ಶ್ರೀನಿವಾಸ್‌ಗೆ ಬಿ ಫಾರಂ ಕೊಟ್ಟಿತು. ಹಳಬರ ಬದಲು ಹೊಸಬರು ಬಂದರು, ನಿಜ, ಆದರೆ ಆ ಬದಲಾವಣೆಗೂ ಹರಿಹರದ ಕಾಂಗ್ರೆಸ್ ಮತದಾರ ಸಹಿ ಹಾಕಿರಲಿಲ್ಲ. ಹರೀಶ್ ಮತ್ತೆ ಗೆದ್ದರು.

2024ರ ಜೂನ್ 4ರಂದು ದಾವಣಗೆರೆಯ ಎಣಿಕೆ ಮುಗಿದಾಗ ಪ್ರಭಾ ಮಲ್ಲಿಕಾರ್ಜುನ್ 26,094 ಮತಗಳಿಂದ ಗೆದ್ದಿದ್ದರು. ವಿನಯ್ ಕುಮಾರ್‌ಗೆ ಬಿದ್ದ ಮತ 42 ಸಾವಿರ ದಾಟಿತ್ತು, ಅಂದರೆ ಗೆಲುವಿನ ಅಂತರಕ್ಕಿಂತ ಹೆಚ್ಚು. ಅವರು ಕಾಂಗ್ರೆಸ್ ಮತ ಒಡೆದು ಬಿಜೆಪಿಗೆ ದಾರಿ ಮಾಡಿಕೊಡುತ್ತಾರೆ ಎಂಬ ಭಯ ಸುಳ್ಳಾಯಿತು. ಠೇವಣಿ ಉಳಿಯಬೇಕಾದರೆ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರಬೇಕು. ಹತ್ತು ಸೂಚಕರ ಅಭ್ಯರ್ಥಿಯ 25 ಸಾವಿರ ಸರ್ಕಾರದ ಖಜಾನೆಗೆ ಹೋಯಿತು. ಸ್ವಾಭಿಮಾನಿ ಬಳಗ ಎಂಬ ಹೆಸರಿನಲ್ಲಿ ಅವರ ಓಡಾಟ ಮುಂದುವರಿಯಿತು.