ಲಸಿಕೆಗೆ ಮುನ್ನ ಹತ್ತು ನಿಮಿಷ

ನವಲಗುಂದ ತಾಲ್ಲೂಕಿನ ತಿರ್ಲಾಪುರದಲ್ಲಿರುವ ನನ್ನ ಸೋದರಳಿಯನ ಕೂಸಿಗೆ 6ನೇ ವಾರದ ಪೆಂಟಾವೇಲೆಂಟ್ ಚುಚ್ಚುಮದ್ದು ಹಾಕಿಸಿದ ರಾತ್ರಿ ಜ್ವರ ಬಂದಿತು. ಮುಂದಿನದು ಬೇಡವೆಂದರು ಮನೆಯ ಹಿರಿಯರು. ಮಗುವಿನ ತಂದೆತಾಯಿಯರೊಂದಿಗೆ ನಾನೂ ಮಕ್ಕಳ ವೈದ್ಯರಲ್ಲಿಗೆ ಹೋದೆ.

‘ನೋವಿಲ್ಲದ್ದು ಬ್ಯಾರೆ ಐತಂತಲ್ರಿ ಡಾಕ್ಟ್ರ, ಅದನ್ನ ಹಾಕಸೂಣೇನ್ರಿ?’ ಎಂದಳು ತಾಯಿ.

ವೈದ್ಯರು ಗದರಲಿಲ್ಲ. ಸರ್ಕಾರ ಉಚಿತವಾಗಿ ನೀಡುವ ಲಸಿಕೆಯಲ್ಲಿ ನಾಯಿಕೆಮ್ಮಿನ ನಿರ್ಜೀವ ರೋಗಾಣು ಇಡಿಯಾಗಿ ಇರುವುದರಿಂದ ಜ್ವರ ಹೆಚ್ಚು. ಅದು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ, ರಕ್ಷಣೆ ದೀರ್ಘಕಾಲ ನಿಲ್ಲುತ್ತದೆ. ದುಬಾರಿ ಲಸಿಕೆಯಲ್ಲಿ ಜ್ವರ ಕಡಿಮೆ, ರಕ್ಷಣೆ ಬೇಗ ಕುಂದುತ್ತದೆ. ಯಾವುದನ್ನೇ ಆರಿಸಿದರೂ 10 ಮತ್ತು 14ನೇ ವಾರದ್ದನ್ನು ತಪ್ಪಿಸಬಾರದು ಎಂದು ವಿವರಿಸಿದರು. ಹತ್ತು ನಿಮಿಷ ಹಿಡಿಯಿತು. ತಾಯಿ ಉಚಿತ ಲಸಿಕೆಯನ್ನೇ ಆರಿಸಿದಳು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಬಲ್ಲೆ: ಲಸಿಕೆಯ ಲಾಭ ಒಂದು ಮನೆಗೆ ಸೀಮಿತವಲ್ಲ. ದಡಾರ ಹರಡದಿರಲು ಶೇ 95ರಷ್ಟು ಮಂದಿಗೆ ರೋಗನಿರೋಧಕ ಶಕ್ತಿ ಇರಬೇಕು. ಆದರೆ ಸೇವೆಯಲ್ಲಿದ್ದಾಗ ನಾನು ಪರಿಶೀಲಿಸಿದ್ದು ಶೇಕಡಾವಾರು ಪಟ್ಟಿಗಳನ್ನು ಮಾತ್ರ. ಉಳಿದವರು ಏಕೆ ಬರಲಿಲ್ಲವೆಂದು ಒಮ್ಮೆಯೂ ಕೇಳಲಿಲ್ಲ. 2017ರ ದಡಾರ–ರುಬೆಲ್ಲಾ ಅಭಿಯಾನದಲ್ಲಿ ವದಂತಿಗಳು ಮೊಬೈಲ್‌ಗಳಲ್ಲಿ ಹರಿದಾಡಿದಾಗಲಷ್ಟೇ ಆ ಪ್ರಶ್ನೆಯ ಬೆಲೆ ನನಗೆ ತಿಳಿಯಿತು.

ಪೋಷಕರ ಅಳುಕು ಅಜ್ಞಾನವಲ್ಲ, ಅಕ್ಕರೆ. ಲಸಿಕೆಗೆ ಹಣ ಒದಗಿಸುವ ಸರ್ಕಾರ, ಈ ಹತ್ತು ನಿಮಿಷಗಳಿಗೂ ಸಿಬ್ಬಂದಿಯನ್ನು ಒದಗಿಸಬೇಕು.