ಅಗ್ಗಿಷ್ಟಿಕೆ ಮುಚ್ಚಿದರೂ ಗಾಳಿಗೆ ದಾರಿ ಬೇಕು

ಬ್ರಿಟನ್ನಿನ ವಿಕ್ಟೋರಿಯಾ ಕಾಲದ ಸಾಲುಮನೆಗಳಲ್ಲಿ ನಡುಮನೆಗೆ ಮಾತ್ರವಲ್ಲ, ಮಲಗುವ ಕೋಣೆಗೂ ಅಗ್ಗಿಷ್ಟಿಕೆ ಇರುತ್ತಿತ್ತು. ಚಳಿಗೆ ಕಲ್ಲಿದ್ದಲೇ ಆಸರೆ. 1952ರ ಡಿಸೆಂಬರಿನಲ್ಲಿ ಐದು ದಿನ ಲಂಡನ್ನನ್ನು ಕವಿದ ಹೊಗೆಮಂಜಿಗೆ ಸಾವಿರಾರು ಜನ ಬಲಿಯಾದರು. 1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ಬಂತು. ಮುಂದಿನ ದಶಕಗಳಲ್ಲಿ ಸೆಂಟ್ರಲ್ ಹೀಟಿಂಗ್ ಮನೆಮನೆ ಸೇರಿ, ಅಗ್ಗಿಷ್ಟಿಕೆಗೆ ಕೆಲಸವಿಲ್ಲದಾಯಿತು. ಹಳೆಯ ಮನೆ ಕೊಂಡವರಲ್ಲಿ ಅನೇಕರು ಅದನ್ನು ಕಿತ್ತು, ಬಾಯಿ ಮುಚ್ಚಿಸುತ್ತಾರೆ.

ಚೌಕಟ್ಟು ತೆಗೆದು ಬಾಯಿ ಮುಚ್ಚುವುದು ಬೇರೆ, ಕೋಣೆಯೊಳಕ್ಕೆ ಚಾಚಿಕೊಂಡ ಚಿಮಣಿಯ ಗೋಡೆಯನ್ನೇ ಒಡೆಯುವುದು ಬೇರೆ. ಆ ಗೋಡೆ ಮೇಲಂತಸ್ತಿನ, ಸೂರಿನ ಆಚೆಗಿನ ಇಟ್ಟಿಗೆಯ ಭಾರವನ್ನೆಲ್ಲ ಹೊತ್ತಿರುತ್ತದೆ. ಎಂಜಿನಿಯರರ ಲೆಕ್ಕಾಚಾರವಿಲ್ಲದೆ, ಸ್ಥಳೀಯ ಆಡಳಿತದ ಒಪ್ಪಿಗೆಯಿಲ್ಲದೆ ಅದನ್ನು ಮುಟ್ಟಬಾರದು. ಪಕ್ಕದ ಮನೆಯೊಡನೆ ಗೋಡೆ ಹಂಚಿಕೊಂಡಿದ್ದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರ ಪಾರ್ಟಿ ವಾಲ್ ಕಾಯ್ದೆಯಂತೆ ನೆರೆಯವರಿಗೆ ನೋಟಿಸ್ ಕೊಡಬೇಕು. ಮನೆಯವರು ಕೈಹಾಕಬಹುದಾದದ್ದು ಮೊದಲನೆಯ ಕೆಲಸಕ್ಕೆ ಮಾತ್ರ.

ಅದಕ್ಕೂ ಮುನ್ನ ಒಲೆಯಲ್ಲಿ ಏನೇನಿದೆಯೆಂದು ನೋಡಬೇಕು. ಗ್ಯಾಸ್ ಹೀಟರ್ ಇದ್ದರೆ ಸಂಪರ್ಕ ಕಡಿಯಲು ಬ್ರಿಟನ್ನಿನಲ್ಲಿ ‘ಗ್ಯಾಸ್ ಸೇಫ್’ ಎಂಬ ಅಧಿಕೃತ ಪಟ್ಟಿಯಲ್ಲಿ ನೋಂದಾಯಿಸಿಕೊಂಡ ಕೆಲಸಗಾರನೇ ಬರಬೇಕು. ಬೆಂಕಿಯ ಹಿಂದೆ ನೀರು ಕಾಯಿಸುವ ಹಳೆಯ ಬಾಯ್ಲರ್ ಕುಳಿತಿರುವುದೂ ಉಂಟು. ಅದನ್ನು ನೀರು ಸಮೇತ ಮುಚ್ಚಿಟ್ಟು, ಮುಂದೆಂದೋ ಯಾರಾದರೂ ಅಲ್ಲಿ ಬೆಂಕಿ ಹಾಕಿದರೆ ಸಿಡಿಯುತ್ತದೆ. ಚೌಕಟ್ಟಿನ ಸಂದಿಗೆ ತುರುಕಿದ ಬಿಳಿ ಹಗ್ಗ ಆಸ್ಬೆಸ್ಟಾಸ್ ಆಗಿರಬಹುದು. ಅನುಮಾನ ಬಂದಲ್ಲಿಗೆ ಕೆಲಸ ನಿಲ್ಲಿಸಿ ಪರೀಕ್ಷೆ ಮಾಡಿಸಬೇಕು. ಮಸಿಯನ್ನೂ ಹಗುರವಾಗಿ ಎಣಿಸುವಂತಿಲ್ಲ. ಚಿಮಣಿ ಗುಡಿಸುವವರ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಬರೆದಿದ್ದ. ಹಾಗಾಗಿ ಚಿಮಣಿಯನ್ನು ಮೊದಲು ಗುಡಿಸಿಸಿ, ಮಾಸ್ಕ್ ತೊಟ್ಟು ಕೆಲಸ ಶುರುಮಾಡಬೇಕು.

ಚೌಕಟ್ಟು ಗೋಡೆಗೆ ಅಂಟಿರುವುದು ಎರಡೂ ಪಕ್ಕದ ಕಬ್ಬಿಣದ ಕಿವಿಗಳಿಂದ. ಅವು ಗಾರೆಯೊಳಗೆ ಹೂತಿರುತ್ತವೆ. ಅಂಚಿನ ಗಾರೆಯನ್ನು ಉಳಿಯಿಂದ ಮೆಲ್ಲಗೆ ಕೆತ್ತಿದರೆ ತುಕ್ಕು ಹಿಡಿದ ತಿರುಪು ಕಾಣುತ್ತದೆ. ಅದನ್ನು ಬಿಚ್ಚಿದ ಕೂಡಲೇ ಚೌಕಟ್ಟು ಮುಂದಕ್ಕೆ ವಾಲೀತು. ಎರಕದ ಕಬ್ಬಿಣ ಬಿದ್ದರೆ ಒಡೆಯುತ್ತದೆ. 1930ರ ದಶಕದ ಹೆಂಚು ಹೊದಿಸಿದ ಕಾಂಕ್ರೀಟಿನದಂತೂ ಒಬ್ಬರಿಗೆ ತಡೆಯಲಾಗದ ಭಾರ. ಜೊತೆಗೆ ಇನ್ನಿಬ್ಬರಿರಲಿ.

ಎಲ್ಲಕ್ಕಿಂತ ಹೆಚ್ಚು ತಪ್ಪು ನಡೆಯುವುದು ಮುಚ್ಚುವಾಗ. ಬಾಯಿಯನ್ನೂ ನೆತ್ತಿಯನ್ನೂ ಬಿಗಿಯಾಗಿ ಮುಚ್ಚಿದರೆ ಒಳಗಿನ ತೇವಕ್ಕೆ ಹೋಗಲು ದಾರಿಯಿಲ್ಲ. ನೂರು ವರ್ಷದ ಮಸಿಯಲ್ಲಿ ಗಾಳಿಯ ನೀರನ್ನು ಎಳೆದುಕೊಳ್ಳುವ ಉಪ್ಪುಗಳಿವೆ. ಅವು ಕರಗಿ, ಇಟ್ಟಿಗೆ ದಾಟಿ, ಗೋಡೆಯ ಮೇಲೆ ಚಹಾ ಚೆಲ್ಲಿದಂಥ ಕಂದು ಕಲೆಯಾಗಿ ಮೂಡುತ್ತವೆ. ಎಷ್ಟು ಬಣ್ಣ ಬಳಿದರೂ ಕಲೆ ಮತ್ತೆ ಮೇಲೇಳುತ್ತದೆ. ಆದ್ದರಿಂದ ಕೆಳಗೆ ನೆಲಕ್ಕೆ ಹತ್ತಿರ ಒಂದು ಜಾಲರಿ ಕಿಂಡಿ ಬಿಡಬೇಕು, ಮೇಲೆ ಮಳೆ ತಡೆದು ಗಾಳಿ ಬಿಡುವ ಟೋಪಿ ಹಾಕಿಸಬೇಕು. ಚಿಮಣಿ ಹೊರಗೋಡೆಯಲ್ಲಿದ್ದರೆ ಕಿಂಡಿಯನ್ನು ಹೊರಕ್ಕೇ ತೆರೆಯುವುದು ಲೇಸು. ಕೋಣೆಯ ಬೆಚ್ಚನೆಯ ಗಾಳಿ ತಣ್ಣನೆಯ ಕೊಳವೆ ಹೊಕ್ಕರೆ ಅಲ್ಲೇ ನೀರಾಗುತ್ತದೆ. ಟೋಪಿ ಹಾಕುವ ಮೊದಲು ಅದೇ ಕೊಳವೆ ಬೇರೆ ಕೋಣೆಯ ಅಥವಾ ಪಕ್ಕದ ಮನೆಯ ಉರಿಯುವ ಒಲೆಯದಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅದು ತಪ್ಪಿದರೆ ಕಾರ್ಬನ್ ಮೋನಾಕ್ಸೈಡ್ ಒಳಗೇ ತುಂಬಿ ಪ್ರಾಣಕ್ಕೆ ಎರವಾಗುತ್ತದೆ.

ಬೆಂಗಳೂರಿನ ದಂಡು ಪ್ರದೇಶದಲ್ಲಿ, ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಉಳಿದಿರುವ ಬ್ರಿಟಿಷರ ಕಾಲದ ಬಂಗಲೆಗಳ ಅಗ್ಗಿಷ್ಟಿಕೆಗಳಿಗೂ ಇದೇ ಮಾತು. ತೋಟದ ಸೀಮೆಯಲ್ಲಿ ಮುಂಗಾರಿನ ಮಳೆ ನೇರ ಕೊಳವೆಗೆ ಸುರಿಯುವುದರಿಂದ ಟೋಪಿಗೆ ಅಲ್ಲಿ ಇನ್ನಷ್ಟು ಮಹತ್ವ.

ಬಾಯಿ ಮುಚ್ಚಲು ಇಟ್ಟಿಗೆ ಕಟ್ಟಬಹುದು, ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆಯಲೂಬಹುದು. ಎರಡನೆಯದೇ ಮೇಲು: ಮುಂದೆ ಮನೆಗೆ ಬರುವವರಿಗೆ ಒಲೆ ಬೇಕೆನಿಸಿದರೆ ಗೋಡೆಗೆ ಪೆಟ್ಟಾಗದಂತೆ ತೆರೆದುಕೊಳ್ಳಬಹುದು. ಕಿತ್ತ ಚೌಕಟ್ಟನ್ನೂ ಮಾರದೆ ಅಟ್ಟದ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು.