ಕಣ್ಣು ಮಿಟುಕಿಸುವ ಮೊದಲೇ ಬಿಚ್ಚುವ ಚೀಲ

ಮೈಸೂರಿನ ನಜರ್‌ಬಾದಿನ ಓದುಗರೊಬ್ಬರು ಕೇಳಿದ್ದಾರೆ: "ನಮ್ಮ ಬೀದಿಯಲ್ಲಿ ಕಾರೊಂದು ಡಿವೈಡರಿಗೆ ಗುದ್ದಿತು. ಅಂಥ ವೇಗವೇನೂ ಇರಲಿಲ್ಲ, ಬಂಪರ್ ಒಡೆದಿತ್ತು ಅಷ್ಟೆ. ಆದರೂ ಏರ್‌ಬ್ಯಾಗ್ ಬಿಚ್ಚಿಕೊಂಡು ಓಡಿಸುತ್ತಿದ್ದವರ ಪಕ್ಕೆಲುಬು ಮುರಿಯಿತು. ಕಾಪಾಡಬೇಕಾದ ಚೀಲವೇ ಗಾಯ ಮಾಡುವುದು ಎಂದರೇನು?" ಅವರು ಬೆಲ್ಟ್ ಹಾಕಿದ್ದರೇ ಇಲ್ಲವೇ ಎಂಬುದನ್ನು ಮಾತ್ರ ಬರೆದಿಲ್ಲ. ಉತ್ತರದ ಮುಕ್ಕಾಲು ಪಾಲು ಇರುವುದು ಅಲ್ಲೇ.

ಏರ್‌ಬ್ಯಾಗ್ ಎಂದರೆ ಎದುರಿಗೆ ಬಂದು ನಿಲ್ಲುವ ಮೆತ್ತನೆಯ ದಿಂಬು ಎಂದೇ ಬಹಳ ಜನ ತಿಳಿದಿದ್ದಾರೆ. ನಿಜದಲ್ಲಿ ಅದು ಅಳೆದು ತೂಗಿ ನಡೆಸುವ ಒಂದು ಸ್ಫೋಟ. ಬಂಪರ್ ತಗುಲಿದ 15–20 ಮಿಲಿಸೆಕೆಂಡಿನಲ್ಲಿ ಕಾರಿನ ಕಂಪ್ಯೂಟರು ತೀರ್ಮಾನಕ್ಕೆ ಬಂದಿರುತ್ತದೆ. ರಾಸಾಯನಿಕ ಬಿಲ್ಲೆಗಳು ಉರಿದು ಅನಿಲ ನುಗ್ಗುತ್ತದೆ. ಇನ್ನೊಂದು 30 ಮಿಲಿಸೆಕೆಂಡಿನಲ್ಲಿ ಚೀಲ ತುಂಬಿರುತ್ತದೆ. ಕಣ್ಣು ಒಮ್ಮೆ ಮಿಟುಕಲು ಕನಿಷ್ಠ 100 ಮಿಲಿಸೆಕೆಂಡು ಬೇಕು. ಎಂದರೆ ಗುದ್ದಿದೆವು ಎಂಬ ಅರಿವು ಮೂಡುವ ಮೊದಲೇ ಚೀಲ ಬಿಚ್ಚಿ ನಿಂತಿರುತ್ತದೆ.

ಆ ತೀರ್ಮಾನಕ್ಕೆ ಸುಳಿವು ಕೊಡುವ ಸೆನ್ಸರ್ ಎಂಬ ಸಾಧನದ ಬಗ್ಗೆ ಎಷ್ಟು ಓದಿದರೂ ನನಗೆ ಬೆರಗು ತೀರುವುದಿಲ್ಲ. ಸಿಲಿಕಾನ್ ಚೂರೊಂದರಲ್ಲಿ ಕೂದಲಿಗಿಂತ ತೆಳುವಾದ ಹಲ್ಲುಗಳನ್ನು ಸಾಲಾಗಿ ಕೆತ್ತಿರುತ್ತಾರೆ. ಕಾರು ತಟ್ಟನೆ ನಿಂತರೆ ಈ ಹಲ್ಲುಗಳು ಮುಂದಕ್ಕೆ ವಾಲುತ್ತವೆ, ಅವುಗಳ ನಡುವಿನ ವಿದ್ಯುತ್ ಗುಣ ಬದಲಾಗುತ್ತದೆ. ಫೋನನ್ನು ಅಡ್ಡ ಹಿಡಿದಾಗ ಚಿತ್ರ ತಿರುಗುವುದೂ ಇಂಥದೇ ಸಾಧನದಿಂದ. ನಮ್ಮ ರಸ್ತೆಯ ಗುಂಡಿಗೂ ಉಬ್ಬಿಗೂ ಚೀಲ ಬಿಚ್ಚಬಾರದು, ಗೋಡೆಗೆ ಗುದ್ದಿದರೆ ಬಿಚ್ಚಲೇಬೇಕು. ಗುಂಡಿಯ ಏಟು ಜೋರಾಗಿದ್ದರೂ ಕ್ಷಣದಲ್ಲಿ ಮುಗಿಯುತ್ತದೆ. ಡಿಕ್ಕಿಯಲ್ಲಿ ವೇಗ ಒಂದೇ ಸಮನೆ ಕುಸಿಯುತ್ತ ಹೋಗುತ್ತದೆ. ಈ ವ್ಯತ್ಯಾಸವನ್ನು ಕಂಪ್ಯೂಟರು ಅಷ್ಟು ಕಡಿಮೆ ಹೊತ್ತಿನಲ್ಲಿ ಗುರುತಿಸುತ್ತದೆ.

ಈಗ ಓದುಗರ ಪ್ರಶ್ನೆಗೆ ಬರೋಣ. ಚೀಲ ನಮ್ಮನ್ನು ಕಾಪಾಡುವುದು ಅದು ತುಂಬುವಾಗ ಅಲ್ಲ, ಬರಿದಾಗುವಾಗ. ಚೀಲದ ಹಿಂಬದಿಯಲ್ಲಿ ತೂತುಗಳಿರುತ್ತವೆ. ತುಂಬಿದ ಕೂಡಲೇ ಅನಿಲ ಆ ತೂತುಗಳಿಂದ ಸೋರತೊಡಗುತ್ತದೆ. ಆಗ ಬಂದು ಒರಗಿದ ಎದೆ ಮತ್ತು ತಲೆ ನಿಧಾನವಾಗಿ ಒಳಕ್ಕೆ ಇಳಿಯುತ್ತವೆ. ನಿಲ್ಲಲು ಬೇಕಾದ ಅಂತರ ದೇಹಕ್ಕೆ ಸಿಗುತ್ತದೆ. ಗಂಟೆಗೆ 36 ಕಿ.ಮೀ. ವೇಗದಲ್ಲಿರುವ ದೇಹ 10 ಸೆಂ.ಮೀ. ಅಂತರದಲ್ಲಿ ನಿಂತರೆ ಅದರ ಮೇಲೆ ಬೀಳುವ ಬಲ ದೇಹದ ತೂಕದ ಸುಮಾರು 50 ಪಟ್ಟು. ಅದೇ 50 ಸೆಂ.ಮೀ. ಸಿಕ್ಕರೆ 10 ಪಟ್ಟು. ಏರ್‌ಬ್ಯಾಗ್, ಬೆಲ್ಟ್, ಕುಗ್ಗಿ ಮುದುಡುವ ಬಾನೆಟ್ ಮೂರೂ ನಮಗಾಗಿ ದುಡಿಯುವುದು ಈ ಕೆಲವು ಸೆಂಟಿಮೀಟರುಗಳಿಗೋಸ್ಕರ.

ತುಂಬುತ್ತಿರುವ ಚೀಲದ ಕಥೆ ಬೇರೆ. ಅದರ ಮುಂಭಾಗ ಗಂಟೆಗೆ 300 ಕಿ.ಮೀ.ವರೆಗಿನ ವೇಗದಲ್ಲಿ ಹೊರನುಗ್ಗಬಲ್ಲದು, ಮೊದಲ 5–8 ಸೆಂ.ಮೀ. ಎಲ್ಲಕ್ಕಿಂತ ಅಪಾಯದ ಜಾಗ. ಬೆಲ್ಟ್ ಹಾಕದವರು ಬ್ರೇಕ್ ಒತ್ತಿದಾಗಲೇ ಮುಂದಕ್ಕೆ ಜಾರಿರುತ್ತಾರೆ. ಚೀಲ ಸಿಡಿಯುವ ಹೊತ್ತಿಗೆ ಅವರ ಎದೆ ಸರಿಯಾಗಿ ಆ ಜಾಗದಲ್ಲೇ ಇರುತ್ತದೆ. ಅದಕ್ಕೇ ಸ್ಟೇರಿಂಗಿನ ನಡುವಿಗೂ ಎದೆಮೂಳೆಗೂ 25 ಸೆಂ.ಮೀ. ಅಂತರವಿರಲಿ ಎನ್ನುವುದು. ಸಾಧಾರಣವಾಗಿ ಗಟ್ಟಿ ಗೋಡೆಗೆ ಗಂಟೆಗೆ 25 ಕಿ.ಮೀ. ವೇಗದಲ್ಲಿ ಗುದ್ದಿದರೂ ಚೀಲ ಬಿಚ್ಚುತ್ತದೆ. ಬೆಲ್ಟ್ ಹಾಕಿಲ್ಲವೆಂದು ತಿಳಿದರೆ ಹಲವು ಕಾರುಗಳಲ್ಲಿ ಇನ್ನೂ ಕಡಿಮೆ ವೇಗಕ್ಕೆ ಬಿಚ್ಚುತ್ತದೆ. ನಜರ್‌ಬಾದಿನ ಬೀದಿಗಳಲ್ಲಿ ಅಷ್ಟು ವೇಗ ದಿನವೂ ಕಾಣುವಂಥದ್ದೇ.

ಈ ಪಾಠಕ್ಕೆ ಅಮೆರಿಕ ದೊಡ್ಡ ಬೆಲೆ ತೆತ್ತಿತು. 1990ರಿಂದ 2008ರವರೆಗೆ ಅಲ್ಲಿ ಕಡಿಮೆ ವೇಗದ ಡಿಕ್ಕಿಗಳಲ್ಲಿ ಏರ್‌ಬ್ಯಾಗಿನ ಏಟಿನಿಂದಲೇ 290ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಬೆಲ್ಟ್ ಹಾಕದವರು ಇಲ್ಲವೇ ತಪ್ಪಾಗಿ ಹಾಕಿದವರು. ಪಕ್ಕದ ಸೀಟಿನಲ್ಲಿ ಸತ್ತವರಲ್ಲಿ ಬಹುಪಾಲು ಮಕ್ಕಳು. ನಮ್ಮಲ್ಲೂ 2024ರ ಡಿಸೆಂಬರಿನಲ್ಲಿ ನವಿ ಮುಂಬೈನ ವಾಶಿಯಲ್ಲಿ ಮುಂದಿನ ಸೀಟಿನಲ್ಲಿದ್ದ ಆರು ವರ್ಷದ ಬಾಲಕ ಏರ್‌ಬ್ಯಾಗ್ ಬಿಚ್ಚಿಕೊಂಡ ಅಪಘಾತದಲ್ಲಿ ತೀರಿಕೊಂಡ. ಮೈಮೇಲೆ ಗಾಯ ಕಾಣುತ್ತಿರಲಿಲ್ಲ, ಒಳಗೆ ರಕ್ತಸ್ರಾವವಾಗಿತ್ತು. ಜೊತೆಗಿದ್ದವರು ಸಣ್ಣಪುಟ್ಟ ಪೆಟ್ಟುಗಳಿಂದ ಪಾರಾದರು.

ಏರ್‌ಬ್ಯಾಗ್ ಎಂಬ ಕಲ್ಪನೆ ಹುಟ್ಟಿದ್ದೂ ಒಂದು ಮಗುವಿನ ಕಾರಣದಿಂದಲೇ. 1952ರಲ್ಲಿ ಅಮೆರಿಕದ ಜಾನ್ ಹೆಟ್ರಿಕ್ ಎಂಬ ಎಂಜಿನಿಯರ್ ಹೆಂಡತಿ ಮಗಳೊಂದಿಗೆ ಕಾರಿನಲ್ಲಿ ಹೋಗುತ್ತಿದ್ದಾಗ ಬಂಡೆ ತಪ್ಪಿಸಲು ಗಕ್ಕನೆ ಬ್ರೇಕ್ ಒತ್ತಿದರು. ಗಂಡಹೆಂಡಿರಿಬ್ಬರೂ ತಮಗೇ ಗೊತ್ತಿಲ್ಲದಂತೆ ಮಗಳಿಗೆ ಅಡ್ಡವಾಗಿ ಕೈಚಾಚಿದ್ದರು. ಕೈಗಳ ಬದಲು ಬೇರೇನಾದರೂ ಬರಬಾರದೇ ಎಂಬ ಯೋಚನೆ ಮರುವರ್ಷ ಪೇಟೆಂಟ್ ಆಯಿತು. ಕೈ ಸಾಲದೆಂದು ಹೆಟ್ರಿಕ್ ಅನುಮಾನಪಟ್ಟದ್ದು ಸರಿಯೇ ಇತ್ತು. ಗಂಟೆಗೆ 36 ಕಿ.ಮೀ. ವೇಗದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ 10 ಕೆ.ಜಿ.ಯ ಮಗು ಒಂದು ಕ್ವಿಂಟಲ್ ಭಾರದಷ್ಟು ಬಲದಿಂದ ಮುಂದಕ್ಕೆ ಎಳೆಯುತ್ತದೆ. ಯಾವ ತಾಯಿಯ ತೋಳೂ ಅದನ್ನು ತಡೆಯಲಾರದು.

ಇಷ್ಟಾದರೂ ರಜಾದಿನಗಳಲ್ಲಿ ಮೃಗಾಲಯಕ್ಕೂ ಕಾರಂಜಿಕೆರೆಗೂ ಹೊರಟ ಕಾರುಗಳಲ್ಲಿ ಅಪ್ಪನ ತೊಡೆಯೇರಿ ಸ್ಟೇರಿಂಗ್ ಹಿಡಿದ ಮಕ್ಕಳನ್ನು ನಾನು ಕಾಣುತ್ತಲೇ ಇದ್ದೇನೆ. ಅಂಥ ಕಾರಿನ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿಯ ಸರ ತೂಗುತ್ತಿರುತ್ತದೆ. ಆಯುಧಪೂಜೆಯ ದಿನ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುವ ಮೈಸೂರಿನ ಸಡಗರ ನನಗೂ ಪ್ರಿಯ. ಆದರೆ ದೃಷ್ಟಿ ತೆಗೆದಾಯಿತು, ಇನ್ನು ಬೆಲ್ಟ್ ಏಕೆ ಎಂಬ ಧೈರ್ಯ ಮೂಢತನ, ಅದು ಮಕ್ಕಳ ಜೀವ ತೆಗೆಯುತ್ತದೆ. ಡ್ಯಾಶ್‌ಬೋರ್ಡಿನ ಎಡಭಾಗದಲ್ಲಿ ಲೋಹದ ವಿಗ್ರಹ ಅಂಟಿಸುವವರಿಗೂ ಒಂದು ಮಾತು: ಅದರಡಿಯಲ್ಲೇ ಪಕ್ಕದವರ ಏರ್‌ಬ್ಯಾಗ್ ಇರುತ್ತದೆ. ಮುಚ್ಚಳ ಸಿಡಿದರೆ ವಿಗ್ರಹ ನೇರ ಮುಖಕ್ಕೆ ಬಡಿಯುತ್ತದೆ. ದೇವರನ್ನು ಮನೆಯಲ್ಲಿ ಪೂಜಿಸಿ, ಆ ಜಾಗ ಖಾಲಿ ಬಿಡಿ. ಬಂಪರಿನ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವುದೂ ಬೇಡ. ಮುದುಡಬೇಕಾದ ಭಾಗವನ್ನು ಅದು ಮುದುಡಗೊಡುವುದಿಲ್ಲ, ಸೆನ್ಸರಿನ ಲೆಕ್ಕವನ್ನೂ ಕೆಡಿಸುತ್ತದೆ. 2017ರ ಕೊನೆಯಲ್ಲೇ ಕೇಂದ್ರ ಸರ್ಕಾರ ಅದನ್ನು ಕೂಡದೆಂದಿದೆ.

ಮಕ್ಕಳ ಜಾಗ ಹಿಂದಿನ ಸೀಟು. ಹಿಮ್ಮುಖವಾಗಿ ಕೂರಿಸುವ ಕೂಸಿನ ಸೀಟನ್ನು ಏರ್‌ಬ್ಯಾಗಿನ ಮುಂದೆ ಎಂದಿಗೂ ಇಡಬೇಡಿ. 14 ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದಿದ್ದರೆ ಮೋಟಾರು ವಾಹನ ಕಾಯ್ದೆಯಲ್ಲಿ 1000 ರೂಪಾಯಿ ದಂಡವಿದೆ. ಹಿಂದೆ ಕೂರುವ ದೊಡ್ಡವರಿಗೂ ಬೆಲ್ಟ್ ಕಡ್ಡಾಯ.

ಇನ್ನು ಡಿಕ್ಕಿ ಆದಮೇಲಿನ ಮಾತು. ಚೀಲ ಬಿಚ್ಚಿದ ಕಾರಿನೊಳಗೆ ಬಿಳಿ ಪುಡಿ ಹಾರಾಡುತ್ತದೆ, ಮದ್ದು ಸುಟ್ಟ ವಾಸನೆ ಬರುತ್ತದೆ. ಚೀಲದ ಮಡಿಕೆಗಳು ಅಂಟದಿರಲೆಂದು ಸವರಿದ ಪುಡಿ ಅದು. ಕಾರಿಗೆ ಬೆಂಕಿ ಬಿತ್ತೆಂದು ಜನ ಓಡಿಬಂದು ಒಳಗಿದ್ದವರನ್ನು ತೋಳು ಹಿಡಿದು ಎಳೆದುಹಾಕುತ್ತಾರೆ. ಕತ್ತಿನ ಮೂಳೆಗೆ ಪೆಟ್ಟಾಗಿದ್ದರೆ ಆ ಎಳೆತವೇ ಕೈಕಾಲಿನ ಶಕ್ತಿಯನ್ನು ಕಸಿಯಬಹುದು. ಜ್ವಾಲೆ ಕಾಣದಿದ್ದರೆ, ಪೆಟ್ರೋಲ್ ಸೋರದಿದ್ದರೆ ಎಂಜಿನ್ ಆರಿಸಿ, ಬಾಗಿಲು ತೆರೆದು ಗಾಳಿ ಬಿಡಿ, ತಲೆ ಅಲುಗಾಡದಂತೆ ಹಿಡಿದುಕೊಳ್ಳಿ. ನೀರು ಕುಡಿಸಬೇಡಿ, ಪ್ರಜ್ಞೆ ಮಂಕಾಗಿದ್ದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ, ತುರ್ತು ಶಸ್ತ್ರಚಿಕಿತ್ಸೆಗೂ ತೊಡಕಾಗುತ್ತದೆ.

ಎದ್ದು ನಿಂತು ಬಂಪರಿನ ಖರ್ಚಿಗೆ ಜಗಳವಾಡುತ್ತಿರುವವರೂ ಸುರಕ್ಷಿತರೆಂದು ತಿಳಿಯಬೇಡಿ. ಎಡಪಕ್ಕೆಯ ಕೆಳಗಿರುವ ಗುಲ್ಮ ಸೀಳಿದ್ದರೆ ರಕ್ತ ಹೊಟ್ಟೆಯೊಳಗೇ ಸೋರುತ್ತಿರುತ್ತದೆ. ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟುತ್ತಿದ್ದರೂ ಕೆಲವರು ಕೆಲವು ಗಂಟೆ ಚೆನ್ನಾಗಿಯೇ ಮಾತಾಡಿಕೊಂಡಿದ್ದು ಆಮೇಲೆ ಕುಸಿಯುತ್ತಾರೆ. ಹೊಟ್ಟೆನೋವು, ಎಡಭುಜದ ನೋವು, ಬಿಳುಚಿದ ಮುಖ, ಹೆಚ್ಚುತ್ತ ಹೋಗುವ ತಲೆನೋವು, ವಾಂತಿ, ತೂಕಡಿಕೆ, ಬೆಲ್ಟ್ ಒತ್ತಿದಲ್ಲಿ ಕೆಂಪುಗಟ್ಟಿದ ಪಟ್ಟೆ, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ನಜರ್‌ಬಾದಿಗೆ ಕೆ.ಆರ್. ಆಸ್ಪತ್ರೆ ದೂರವೇನಲ್ಲ.

ಪೊಲೀಸು, ಕೋರ್ಟು ಎಂದು ಹೆದರಿ ಹಿಂದೆ ಸರಿಯುವ ಕಾಲವೂ ಹೋಯಿತು. ನೆರವಿಗೆ ಬಂದವರನ್ನು ಕಾಪಾಡುವ ಕಾನೂನನ್ನು ದೇಶದಲ್ಲಿ ಮೊದಲು ಮಾಡಿದ ರಾಜ್ಯ ನಮ್ಮದು. 2016ರಲ್ಲಿ ವಿಧಾನಮಂಡಲ ಒಪ್ಪಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಿಂದ ಆ ರಕ್ಷಣೆ ಇಡೀ ದೇಶಕ್ಕೆ ಸಿಕ್ಕಿದೆ. ಅಪಘಾತದ ಗಾಯಾಳುವಿಗೆ ಏಳು ದಿನ, 1.5 ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿದೆ. 108 ಆಂಬುಲೆನ್ಸ್ 2008ರ ನವೆಂಬರ್ 1ರಿಂದ ಕರ್ನಾಟಕದ ರಸ್ತೆಗಳಲ್ಲಿದೆ. ಆದ್ದರಿಂದ ಕಾರಿನ ಫೋಟೋ ತೆಗೆಯುವ ಮೊದಲು ಅದೇ ಫೋನಿನಿಂದ 108ಕ್ಕೆ ಕರೆ ಮಾಡಿ, ಗಾಯಾಳುವಿನ ಪಕ್ಕದಲ್ಲೇ ಇದ್ದು ಮಾತಾಡಿಸುತ್ತಿರಿ.